ಹೊಗೆಸೊಪ್ಪಿನ ಮಣ್ಣು ಮತ್ತು ಕಬ್ಬಿಣದ ಕಣ

ಮೈಸೂರಿನಿಂದ ಮಡಿಕೇರಿಯ ಹಾದಿ ಹಿಡಿದು ಹೊರಟವರಿಗೆ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ ಒಂದರ ಹಿಂದೊಂದು ಸಿಗುತ್ತವೆ. ರಸ್ತೆಯ ಎರಡೂ ಮಗ್ಗುಲಿಗೆ ಕೆಂಪು ಮಣ್ಣಿನ ಹೊಲಗಳು. ಹೊಲಗಳ ನಡುವೆ ಅಲ್ಲಲ್ಲಿ ಎತ್ತರದ ಗೋಡೆಯ ಚೌಕ ಕಟ್ಟಡಗಳು. ಅವು ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು. ಬಲಕ್ಕೆ ಹೊರಳಿದರೆ ಕೃಷ್ಣರಾಜನಗರ, ಎಡಕ್ಕೆ ಹೊರಳಿದರೆ ಹೆಗ್ಗಡದೇವನಕೋಟೆ. ಕೃಷ್ಣರಾಜನಗರದ ನಾಲೆಯ ಕೆಳಗೆ ಭತ್ತ, ಕೋಟೆಯ ಕಡೆ ಹತ್ತಿ, ನಾಲ್ಕೂ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ವರ್ಜೀನಿಯಾ ತಂಬಾಕು. ತಂಬಾಕು ವಿಜ್ಞಾನಿಗಳ ಬರವಣಿಗೆಯಲ್ಲಿ ಈ ಪ್ರದೇಶಕ್ಕೆ ‘ಕರ್ನಾಟಕದ ಹಗುರ ಮಣ್ಣು’ ಎಂಬ ಹೆಸರೇ ಇದೆ.

ಕಬ್ಬಿಣದಂಥ ಲೋಹಗಳ ಅತಿಸೂಕ್ಷ್ಮ ಕಣಗಳನ್ನು ಮಣ್ಣಿಗೆ ಬೆರೆಸಿ, ಅದರೊಳಗೆ ಉಳಿದುಕೊಂಡ ಕೀಟನಾಶಕವನ್ನು ನಾಶಮಾಡಬಹುದು ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಸುದ್ದಿ ಓದಿದ ವಿದ್ಯಾರ್ಥಿಗೆ ಇದು ನಿನ್ನೆ ಮೊನ್ನೆಯ ಆವಿಷ್ಕಾರವೆಂದು ತೋರುವುದು ಸಹಜ. ಇದರ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆ ಇದೆ. ಆ ಚರಿತ್ರೆಯನ್ನು ಈ ನಾಲ್ಕು ತಾಲ್ಲೂಕುಗಳ ಮಣ್ಣಿನ ಮೇಲೆ ನಿಂತು ನೋಡಿದರೆ, ಪ್ರಯೋಗಶಾಲೆಯ ಸೀಸೆಯಲ್ಲಿ ಗೆದ್ದ ವಿದ್ಯೆ ಹೊಲದ ಬದುವಿನವರೆಗೆ ಬಂದು ಏಕೆ ನಿಂತಿದೆ ಎಂಬುದೂ ತಿಳಿಯುತ್ತದೆ.

ಮೊದಲು ವಿಷ ಹೇಗೆ ಬಂತು ಎಂಬುದನ್ನು ನೋಡೋಣ. ನಮ್ಮ ರೈತರ ಮಾತಿನಲ್ಲಿ ಕೀಟನಾಶಕಕ್ಕೆ ವಿಷವೆಂಬ ಹೆಸರಿಲ್ಲ, ‘ಔಷಧಿ’ ಎನ್ನುತ್ತಾರೆ. ‘ಔಷಧಿ ಹೊಡೆದೆವು’ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಕಾಯಿಲೆ ಬಿದ್ದ ಬೆಳೆ. ಈ ಔಷಧಿಗಳು ಬರುವ ಮೊದಲೂ ತಂಬಾಕಿಗೆ ಶತ್ರುಗಳಿದ್ದವು. ಹಗುರವಾದ, ಮರಳುಮಿಶ್ರಿತ ಮಣ್ಣಿನಲ್ಲಿ ಬೇರುಗಂಟು ರೋಗ ತರುವ ಜಂತುಗಳು ಹುಲುಸಾಗಿ ಬೆಳೆಯುತ್ತವೆ. ಕಣ್ಣಿಗೆ ಕಾಣದ ಈ ಜಂತು ಬೇರಿಗೆ ಹೊಕ್ಕರೆ ಬೇರೆಲ್ಲ ಗಂಟು ಗಂಟಾಗಿ ಗಿಡ ಸೊರಗುತ್ತದೆ. ಸಸಿಮಡಿಯ ಮೇಲೆ ಭತ್ತದ ಹೊಟ್ಟು, ಕೂಳೆ, ಪುರುಳೆಗಳನ್ನು ಹರಡಿ ಬೆಂಕಿ ಹಾಕಿ ಮಣ್ಣನ್ನು ಸುಡುವುದು ಇದಕ್ಕೆ ಇದ್ದ ಹಳೆಯ ಉಪಾಯ. ಕಳೆಯ ಬೀಜ, ಜಂತು, ಬೂಷ್ಟು ಎಲ್ಲವೂ ಒಂದೇ ಏಟಿಗೆ ಸಾಯುತ್ತಿದ್ದವು. ಉಳಿಯುತ್ತಿದ್ದದ್ದು ಬೂದಿ ಮಾತ್ರ.

ರಾಸಾಯನಿಕ ಯುಗದ ಆರಂಭ ಡಿಡಿಟಿಯಿಂದ. 1874ರಲ್ಲೇ ಇದನ್ನು ತಯಾರಿಸಿದ್ದರೂ ಕೀಟಗಳನ್ನು ಕೊಲ್ಲುವ ಇದರ ಗುಣ ಗೊತ್ತಾದದ್ದು 1939ರಲ್ಲಿ, ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್ ಅವರಿಗೆ. 1948ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು, ಅದೂ ವೈದ್ಯಕೀಯ ವಿಭಾಗದಲ್ಲಿ. ನಮ್ಮ ದೇಶದಲ್ಲಿ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಮರುವರ್ಷ ಡಿಡಿಟಿ ತಯಾರಿಕೆಗಾಗಿ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಸಂಸ್ಥೆ ಸ್ಥಾಪನೆಯಾಯಿತು. ಹೀಗೆ ಡಿಡಿಟಿ ನಮ್ಮ ಹಳ್ಳಿಗಳಿಗೆ ಬಂದದ್ದು ಮನೆಯ ಗೋಡೆಗೆ ಸಿಂಪಡಿಸುವ ಸೊಳ್ಳೆಯ ಔಷಧಿಯಾಗಿ. ಚಳಿಜ್ವರದಿಂದ ನಲುಗಿದ್ದ ಊರುಗಳಿಗೆ ಅದರಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಗೋಡೆಯಿಂದ ಹೊಲಕ್ಕೆ ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಜೊತೆಗೇ ಬಿಎಚ್‌ಸಿ ಪುಡಿ ಬಂತು. ಅಗ್ಗದ ಬೆಲೆ, ಬಟ್ಟೆಯ ಗಂಟಿನಲ್ಲಿ ಕಟ್ಟಿ ಉದುರಿಸಿದರೂ ಸಾಕು, ಎಲ್ಲ ಹುಳುವೂ ಸಾಯುತ್ತದೆ. ಹಸಿರು ಕ್ರಾಂತಿಯ ವರ್ಷಗಳಲ್ಲಿ ದೇಶದ ಉದ್ದಗಲಕ್ಕೆ ಹೆಚ್ಚು ಬಳಕೆಯಾದ ಕೀಟನಾಶಕಗಳು ಈ ಎರಡೇ.

ಎಚ್ಚರಿಕೆಯ ಗಂಟೆಗಳೂ ಬಾರಿಸಿದ್ದವು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಣೆಯಲ್ಲಿ ಗೋಧಿ ಹಿಟ್ಟಿಗೆ ಸೋರಿ ನೂರಕ್ಕೂ ಹೆಚ್ಚು ಜನ ಸತ್ತರು. ಅದರ ವಿಚಾರಣೆಯ ಫಲವಾಗಿ 1968ರಲ್ಲಿ ಕೀಟನಾಶಕ ಕಾಯಿದೆ ಬಂತು. ನಡುವೆ 1962ರಲ್ಲಿ ಅಮೆರಿಕದ ರೇಚೆಲ್ ಕಾರ್ಸನ್ ಅವರ ಪುಸ್ತಕ ಇಡೀ ಜಗತ್ತಿನ ಕಣ್ಣು ತೆರೆಸಿತು. ಆದರೂ ನಮ್ಮಲ್ಲಿ ಕೃಷಿಗೆ ಡಿಡಿಟಿಯನ್ನು ನಿಲ್ಲಿಸಿದ್ದು 1989ರಲ್ಲಿ. ಬಿಎಚ್‌ಸಿ ನಿಷೇಧವಾದದ್ದು 1997ರಲ್ಲಿ.

ಇದೇ ಅವಧಿಯಲ್ಲಿ ಮೈಸೂರು ಸೀಮೆಯ ತಂಬಾಕು ಬೇಸಾಯದ ಸ್ವರೂಪವೂ ಬದಲಾಯಿತು. 1976ರಲ್ಲಿ ತಂಬಾಕು ಮಂಡಳಿ ಅಸ್ತಿತ್ವಕ್ಕೆ ಬಂತು. 1984ರಿಂದ ಕರ್ನಾಟಕದಲ್ಲಿ ಮಂಡಳಿಯ ಹರಾಜು ಮಾರುಕಟ್ಟೆಗಳು ಆರಂಭವಾದವು. ಹರಾಜು ಕಟ್ಟೆಯಲ್ಲಿ ಬೇಲ್ ಬಿಚ್ಚಿದಾಗ ವ್ಯಾಪಾರಿ ನೋಡುವುದು ಎಲೆಯ ಬಣ್ಣ, ಮೈ, ಕಲೆ. ತೂತು ಬಿದ್ದ ಎಲೆಗೆ, ಚುಕ್ಕೆ ಬಿದ್ದ ಎಲೆಗೆ ದರ್ಜೆ ಇಳಿಯುತ್ತದೆ, ದರವೂ ಇಳಿಯುತ್ತದೆ. ಸೌದೆ, ಗೊಬ್ಬರ, ಕೂಲಿಗೆಂದು ಸಾಲ ಮಾಡಿ ಕೂತ ರೈತ ಎಲೆ ತಿನ್ನುವ ಹುಳುವನ್ನು ಕಂಡ ದಿನವೇ ಔಷಧಿಯ ಅಂಗಡಿಗೆ ಓಡುವುದು ಇದರಿಂದ. ಅವನನ್ನು ಬೈದು ಪ್ರಯೋಜನವಿಲ್ಲ. ಸಸಿಮಡಿಯ ಜಂತುವಿಗೆ ಕಾರ್ಬೊಫ್ಯೂರಾನ್ ಹರಳು, ಹುಳುವಿಗೆ ಕ್ಲೋರ್‌ಪೈರಿಫಾಸ್, ಸಸ್ಯಹೇನಿಗೆ ಇಮಿಡಾಕ್ಲೋಪ್ರಿಡ್ ಹೀಗೆ ಡಿಡಿಟಿಯ ನಂತರದ ಪೀಳಿಗೆಯ ಔಷಧಿಗಳು ಒಂದೊಂದಾಗಿ ಬಂದವು.

ಔಷಧಿ ನಿಂತರೆ ವಿಷವೂ ನಿಲ್ಲುತ್ತದೆಯೇ? ಕನ್ನಡಿಗರಿಗೆ ಈ ಪ್ರಶ್ನೆಯನ್ನು ಕಠೋರವಾಗಿ ಕೇಳಿದ್ದು ಕಾಸರಗೋಡು. ಅಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ತೋಟ ಗುಡ್ಡದ ನೆತ್ತಿಯ ಮೇಲೆ, ಮನೆ ಮತ್ತು ಬಾವಿ ಗುಡ್ಡದ ಬುಡದಲ್ಲಿ. ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ವೈದ್ಯ ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ವಿಚಿತ್ರವಾದ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗಮನಿಸಿದರು; ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ದಕ್ಷಿಣ ಕನ್ನಡದ ಬೆಳ್ತಂಗಡಿ, ಪುತ್ತೂರು ತಾಲ್ಲೂಕುಗಳ ಗೇರು ತೋಟದ ನೆರೆಯ ಊರುಗಳದೂ ಇದೇ ಕಥೆ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರಲ್ಲಿ ಪರಿಹಾರದ ಹಣ ಕೊಡಲೂ ಕೇರಳ ಸರ್ಕಾರಕ್ಕೆ ಆದೇಶಿಸಿತು. ನ್ಯಾಯಾಲಯ ಬಳಕೆಯನ್ನು ನಿಲ್ಲಿಸಬಲ್ಲದು, ಪರಿಹಾರ ಕೊಡಿಸಬಲ್ಲದು. ಮಣ್ಣಿನೊಳಗೆ ಆಗಲೇ ಸೇರಿದ್ದರ ಮೇಲೆ ಅದರ ಅಧಿಕಾರ ನಡೆಯುವುದಿಲ್ಲ. ಎಂಡೋಸಲ್ಫಾನ್ ಮಣ್ಣಿನಲ್ಲಿ ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಈ ಮಗ ಅಪ್ಪನಿಗಿಂತ ದೀರ್ಘಾಯು. ಡಿಡಿಟಿಯಂತೂ ಅರ್ಧದಷ್ಟು ಕರಗಲು ಎರಡರಿಂದ ಹದಿನೈದು ವರ್ಷ ಹಿಡಿಯುತ್ತದೆಂದು ಲೆಕ್ಕ.

ಇಷ್ಟು ಮೊಂಡುತನಕ್ಕೆ ಕಾರಣ ಕ್ಲೋರಿನ್. ಡಿಡಿಟಿಯ ಒಂದು ಅಣುವಿನಲ್ಲಿ ಐದು ಕ್ಲೋರಿನ್ ಪರಮಾಣುಗಳಿವೆ. ಬಿಎಚ್‌ಸಿಯಲ್ಲಿ ಆರು, ಎಂಡೋಸಲ್ಫಾನ್‌ನಲ್ಲಿ ಆರು. ಇಂಗಾಲಕ್ಕೆ ಬಿಗಿಯಾಗಿ ಅಂಟಿಕೊಂಡ ಈ ಕ್ಲೋರಿನ್ನುಗಳ ರಚನೆ ಮಣ್ಣಿನ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಅಪರಿಚಿತ. ನೀರಿನಲ್ಲಿ ಕರಗದೆ, ಕೊಬ್ಬಿನಲ್ಲಿ ಕರಗುವ ಗುಣವೂ ಅವಕ್ಕಿದೆ. ಆದ್ದರಿಂದ ಮಳೆಗೆ ತೊಳೆದು ಹೋಗುವುದು ಕಡಿಮೆ. ಪ್ರಾಣಿಯ ಮೈ ಸೇರಿದರೆ ಅಲ್ಲೇ ಬೀಡುಬಿಡುತ್ತವೆ. ಕ್ಲೋರಿನ್ನನ್ನು ಕಿತ್ತು ತೆಗೆಯುವುದೇ ಮದ್ದು ಎಂಬುದು ರಸಾಯನಶಾಸ್ತ್ರಜ್ಞರಿಗೆ ಬೇಗನೆ ಹೊಳೆಯಿತು. ಕೀಳುವವರು ಯಾರು ಎಂಬುದಕ್ಕೆ ಉತ್ತರ ಹುಡುಕಬೇಕಿತ್ತು.

ಲೋಹಗಳ ಪ್ರವೇಶ ಇಲ್ಲಿಂದ. 1972ರಲ್ಲಿ ಅಮೆರಿಕದಲ್ಲಿ ಸ್ವೀನಿ ಮತ್ತು ಫಿಶರ್ ಎಂಬಿಬ್ಬರು ಸತುವಿನಂಥ ಲೋಹದ ಪುಡಿಯಿಂದ ಕ್ಲೋರಿನ್‌ಯುಕ್ತ ಕೀಟನಾಶಕಗಳನ್ನು ಒಡೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಅಂದರೆ ‘ನ್ಯಾನೊ’ ಎಂಬ ಮಾತು ಎಲ್ಲರ ಬಾಯಿಗೆ ಬರುವ ಮೊದಲೇ, ಡಿಡಿಟಿಗೆ ಅಮೆರಿಕದಲ್ಲಿ ನಿಷೇಧ ಬಿದ್ದ ವರ್ಷವೇ, ಲೋಹದಿಂದ ಕೀಟನಾಶಕ ಒಡೆಯುವ ವಿದ್ಯೆ ಕಾಗದದ ಮೇಲಿತ್ತು. ಯಾರೂ ಅದನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಮುಂದಿನ ಹೆಜ್ಜೆ ಬಂದದ್ದು ತೀರ ಅನಿರೀಕ್ಷಿತವಾದ ಕಡೆಯಿಂದ. 1980ರ ದಶಕದಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಗಿಲ್‌ಹ್ಯಾಮ್ ಅವರ ತಂಡ ಅಂತರ್ಜಲದ ಮಾದರಿ ಸಂಗ್ರಹಿಸಲು ಯಾವ ಕೊಳವೆ ಒಳ್ಳೆಯದು ಎಂದು ಪರೀಕ್ಷಿಸುತ್ತಿತ್ತು. ಪ್ಲಾಸ್ಟಿಕ್ಕೋ ಲೋಹವೋ ಎಂಬ ಸಾಧಾರಣ ಪ್ರಶ್ನೆ. ಗ್ಲೆನ್ ರೆನಾಲ್ಡ್ಸ್ ಎಂಬ ವಿದ್ಯಾರ್ಥಿಯ ಪ್ರಯೋಗಗಳಲ್ಲಿ, ಲೋಹಕ್ಕೆ ತಾಗಿದ ನೀರಿನಲ್ಲಿ ಕ್ಲೋರಿನ್‌ಯುಕ್ತ ದ್ರಾವಕಗಳ ಪ್ರಮಾಣ ದಿನದಿಂದ ದಿನಕ್ಕೆ ಇಳಿಯುತ್ತಿರುವುದು ಕಂಡಿತು. ಅಳತೆಯ ದೋಷವೆಂದು ಬಿಟ್ಟುಬಿಡಬಹುದಾಗಿದ್ದ ಸಂಗತಿ ಅದು. ಅವರು ಬಿಡಲಿಲ್ಲ. 1991ರಲ್ಲಿ ಆಂಟೇರಿಯೊದ ಬಾರ್ಡನ್‌ನಲ್ಲಿ ನೆಲದೊಳಗೆ ಕಬ್ಬಿಣದ ಚೂರು ತುಂಬಿದ ಗೋಡೆಯನ್ನೇ ಹೂತು, ಅದರ ಮೂಲಕ ಮಲಿನ ಅಂತರ್ಜಲ ಹರಿದು ಶುದ್ಧವಾಗುವುದನ್ನು ತೋರಿಸಿದರು. 1990ರ ದಶಕದ ಮಧ್ಯಭಾಗದಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಇಂಥ ಗೋಡೆ ವಾಣಿಜ್ಯ ಮಟ್ಟದಲ್ಲಿ ಕೆಲಸ ಆರಂಭಿಸಿತು. ಗುಜರಿ ಕಬ್ಬಿಣಕ್ಕೆ ಇದಕ್ಕಿಂತ ಗೌರವದ ಉದ್ಯೋಗ ಸಿಕ್ಕಿರಲಾರದು! 1997ರಲ್ಲಿ ಡಿಡಿಟಿಯನ್ನೂ ಕಬ್ಬಿಣದ ಪುಡಿಯಿಂದ ಹೀಗೆಯೇ ಒಡೆಯಬಹುದೆಂದು ಅಮೆರಿಕದ ಸಂಶೋಧಕರು ಪ್ರಕಟಿಸಿದರು.

ಕಬ್ಬಿಣ ಮಾಡುವುದಾದರೂ ಏನು? ತುಕ್ಕು ಹಿಡಿಯುತ್ತದೆ, ಅಷ್ಟೆ. ತುಕ್ಕು ಹಿಡಿಯುವಾಗ ಕಬ್ಬಿಣದ ಪ್ರತಿ ಪರಮಾಣು ಮೊದಲ ಹಂತದಲ್ಲಿ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಸಾಮಾನ್ಯವಾಗಿ ಅವು ಗಾಳಿಯ ಆಮ್ಲಜನಕದ ಪಾಲಾಗುತ್ತವೆ. ಹತ್ತಿರದಲ್ಲಿ ಡಿಡಿಟಿಯ ಅಣು ಇದ್ದರೆ ಎಲೆಕ್ಟ್ರಾನುಗಳು ಅದಕ್ಕೆ ದಾಟುತ್ತವೆ. ಒಂದು ಕ್ಲೋರಿನ್ ಪರಮಾಣು ಕ್ಲೋರೈಡ್ ಆಗಿ, ಅಂದರೆ ನಮ್ಮ ಅಡುಗೆ ಉಪ್ಪಿನಲ್ಲಿರುವ ನಿರಪಾಯ ರೂಪದಲ್ಲಿ ಕಳಚಿಕೊಂಡು ಹೋಗುತ್ತದೆ. ಅದರ ಜಾಗಕ್ಕೆ ನೀರಿನ ಹೈಡ್ರೋಜನ್ ಬಂದು ಕೂರುತ್ತದೆ.

ಹುಣಸೂರು ಕಡೆಯ ವಿದ್ಯಾರ್ಥಿಗೆ ಇಲ್ಲೊಂದು ಸಂದೇಹ ಬರಬೇಕು. ನಮ್ಮ ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಹಾಗಿದ್ದರೆ ನೆಲದಲ್ಲೇ ಇರುವ ಕಬ್ಬಿಣ ಈ ಕೆಲಸವನ್ನು ತಾನಾಗಿ ಏಕೆ ಮಾಡುವುದಿಲ್ಲ? ಉತ್ತರ ಆ ಕೆಂಪಿನಲ್ಲೇ ಇದೆ. ಕೆಂಪು ಮಣ್ಣಿನ ಕಬ್ಬಿಣ ಲಕ್ಷಾಂತರ ವರ್ಷಗಳ ಹಿಂದೆಯೇ ತುಕ್ಕಾಗಿ ಮುಗಿದದ್ದು. ಕೊಡಬೇಕಾದ ಎಲೆಕ್ಟ್ರಾನುಗಳನ್ನು ಅದು ಆಗಲೇ ಕೊಟ್ಟಾಗಿದೆ. ಕ್ಲೋರಿನ್ ಕೀಳಲು ಬೇಕಾದದ್ದು ಇನ್ನೂ ತುಕ್ಕು ಹಿಡಿಯದ, ಹೊಳೆಯುವ ಲೋಹರೂಪದ ಕಬ್ಬಿಣ. ಅದು ತನ್ನ ಕೆಲಸ ಮುಗಿಸಿದ ಮೇಲೆ ಆಗುವುದು ಪಿರಿಯಾಪಟ್ಟಣದ ಹೊಲದಲ್ಲಿರುವಂಥದೇ ಕಬ್ಬಿಣದ ಆಕ್ಸೈಡು. ಬೇರೆ ಲೋಹಗಳನ್ನು ಬಿಟ್ಟು ಎಲ್ಲರೂ ಕಬ್ಬಿಣದ ಬೆನ್ನು ಹತ್ತಿದ್ದಕ್ಕೆ ಇದೂ ಒಂದು ಕಾರಣ: ಅಗ್ಗ, ಮತ್ತು ಉಳಿದರೂ ಮಣ್ಣಿಗೆ ಹೊಸದಲ್ಲ.

ತುಕ್ಕು ಹಿಡಿಯುವುದು ಮೇಲ್ಮೈಯಲ್ಲಿ ಮಾತ್ರ. ಗುಂಡುಕಲ್ಲಿನಷ್ಟು ದೊಡ್ಡ ಕಬ್ಬಿಣದ ಉಂಡೆಯ ಒಳಗಿನ ಪರಮಾಣುಗಳಿಗೆ ಹೊರಗಿನ ಡಿಡಿಟಿಯ ಪರಿಚಯವೇ ಆಗುವುದಿಲ್ಲ. ನ್ಯಾನೊ ಕಣಗಳ ಮಹತ್ವ ಇರುವುದು ಇಲ್ಲಿ. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯ ಒಂದು ಭಾಗ. ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೊಮೀಟರ್. ಈಗ ಒಂದು ಲೆಕ್ಕ ಮಾಡಿ. ಪ್ರತಿ ಬದಿ ಒಂದು ಸೆಂಟಿಮೀಟರ್ ಇರುವ ಕಬ್ಬಿಣದ ದಾಳ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಇದನ್ನು 10 ನ್ಯಾನೊಮೀಟರ್ ಬದಿಯ ದಾಳಗಳಾಗಿ ಕತ್ತರಿಸಿದರೆ ಒಟ್ಟು ವಿಸ್ತೀರ್ಣ ಹತ್ತು ಲಕ್ಷ ಪಟ್ಟು ಹೆಚ್ಚಿ 600 ಚದರ ಮೀಟರ್ ಆಗುತ್ತದೆ. ಅಂಥ ಏಳು ದಾಳಗಳ, ಅಂದರೆ ಸುಮಾರು 55 ಗ್ರಾಂ ಕಬ್ಬಿಣದ ಮೇಲ್ಮೈಯನ್ನು ಹಾಸಿದರೆ ಒಂದು ಎಕರೆಯನ್ನೇ ಮುಚ್ಚಬಹುದು. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ವೈ-ಶಿಯಾನ್ ಝಾಂಗ್ 1997ರಲ್ಲಿ ಇಂಥ ಕಬ್ಬಿಣವನ್ನು ತಯಾರಿಸಿ, ಕ್ಲೋರಿನ್ ದ್ರಾವಕಗಳ ಮೇಲೆ ಪ್ರಯೋಗಿಸಿ, ಸಾಧಾರಣ ಕಬ್ಬಿಣದ ಪುಡಿಗಿಂತ ಎಷ್ಟೋ ಪಟ್ಟು ವೇಗವಾಗಿ ಕೆಲಸ ಮಾಡುತ್ತದೆಂದು ತೋರಿಸಿದರು. 2001ರಲ್ಲಿ ಪ್ರಕಟವಾದ ಅವರ ಕ್ಷೇತ್ರ ಪ್ರಯೋಗದಲ್ಲಿ, ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಪಲ್ಲಾಡಿಯಂ ಲೇಪಿಸಿದ ಕೇವಲ 1.7 ಕಿಲೋಗ್ರಾಂ ಕಬ್ಬಿಣದ ಕಣಗಳನ್ನು ಅಂತರ್ಜಲಕ್ಕೆ ಇಳಿಸಿ, ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕದ 96 ಪ್ರತಿಶತದವರೆಗೆ ಇಳಿಕೆಯನ್ನು ದಾಖಲಿಸಿದ್ದರು.

ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಈ ವಿಷಯ ಬಹಳ ಕಾಟ ಕೊಡುತ್ತದೆ. ಕಣವೂ ಕಾಣುವುದಿಲ್ಲ, ವಿಷವೂ ಕಾಣುವುದಿಲ್ಲ. ಕ್ಯಾಮೆರಾ ತಿರುಗಿಸಿದ ಕಡೆಯೆಲ್ಲ ಮಣ್ಣು ಮಣ್ಣಾಗಿಯೇ ಇರುತ್ತದೆ. ಇದಕ್ಕೊಂದು ಸುಂದರ ಅಪವಾದವನ್ನು ಒದಗಿಸಿದ್ದು ನಮ್ಮ ನೆರೆಯ ಚೆನ್ನೈ. ಅಲ್ಲಿನ ಐಐಟಿಯ ಪ್ರೊ. ಟಿ. ಪ್ರದೀಪ್ ಮತ್ತು ಅವರ ವಿದ್ಯಾರ್ಥಿಗಳು 2003ರಲ್ಲಿ ಚಿನ್ನ ಮತ್ತು ಬೆಳ್ಳಿಯ ನ್ಯಾನೊ ಕಣಗಳ ಮೇಲೆ ಪ್ರಯೋಗ ನಡೆಸಿದರು. ಚಿನ್ನವನ್ನು ನ್ಯಾನೊ ಗಾತ್ರಕ್ಕಿಳಿಸಿ ನೀರಿನಲ್ಲಿ ತೇಲಿಬಿಟ್ಟರೆ ದ್ರಾವಣ ಮಾಣಿಕ್ಯದಂತೆ ಕೆಂಪಾಗುತ್ತದೆ. ಅದಕ್ಕೆ ಎಂಡೋಸಲ್ಫಾನ್ ತಾಗಿದಾಗ ಬಣ್ಣ ನೀಲಿಯತ್ತ ತಿರುಗಿತು! ಕಾಸರಗೋಡಿನ ವಿಷ ಮೊದಲ ಬಾರಿಗೆ ಬಣ್ಣವಾಗಿ ಕಣ್ಣಿಗೆ ಬಿದ್ದದ್ದು ಹೀಗೆ ಎನ್ನಬಹುದು. ಮುಂದೆ ಕ್ಲೋರ್‌ಪೈರಿಫಾಸ್, ಮೆಲಾಥಿಯಾನ್‌ಗಳನ್ನೂ ಈ ಕಣಗಳು ನೀರಿನಿಂದ ಹಿಡಿದು ತೆಗೆಯಬಲ್ಲವೆಂದು ಅವರು ತೋರಿಸಿದರು. ಬಾಟಲಿ ನೀರಿನಲ್ಲಿ ಕೀಟನಾಶಕದ ಶೇಷ ಇದೆಯೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ವರದಿ ಮಾಡಿದ ವರ್ಷವೂ 2003. ಹಾಗಾಗಿ ಈ ಸಂಶೋಧನೆಗೆ ಒಡನೆಯೇ ಬೇಡಿಕೆ ಹುಟ್ಟಿ, 2007ರಲ್ಲಿ ಇದನ್ನು ಆಧರಿಸಿದ ಮನೆಬಳಕೆಯ ನೀರಿನ ಶೋಧಕ ಮಾರುಕಟ್ಟೆಗೆ ಬಂತು.

ನೀರಿನ ಶೋಧಕದಿಂದ ಮಣ್ಣಿಗೆ ದಾಟುವ ಪ್ರಯತ್ನಗಳೂ ನಮ್ಮ ದೇಶದಲ್ಲಿ ನಡೆದಿವೆ. 2013ರಲ್ಲಿ ತಿರುಪತಿಯ ಶ್ರೀವೆಂಕಟೇಶ್ವರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಕ್ಲೋರ್‌ಪೈರಿಫಾಸ್ ಬೆರೆತ ಮಣ್ಣಿಗೆ ನ್ಯಾನೊ ಕಬ್ಬಿಣ ಸೇರಿಸಿ ಹತ್ತು ದಿನಗಳಲ್ಲಿ ಅದರ ಬಹುಪಾಲು ಒಡೆದುಹೋದದ್ದನ್ನು ಕಂಡರು. ಸಾಧಾರಣ ಕಬ್ಬಿಣದ ಪುಡಿಯಿಂದ ಅದರ ಅರ್ಧದಷ್ಟೂ ಆಗಲಿಲ್ಲ. ಕ್ಲೋರ್‌ಪೈರಿಫಾಸ್ ಅಣುವಿನಲ್ಲಿ ಮೂರು ಕ್ಲೋರಿನ್‌ಗಳಿವೆ ಎಂಬುದನ್ನು ನೆನಪಿಡಬೇಕು. ಅದೇ ವರ್ಷ ಲಖನೌದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯ ತಂಡ ಬೇರೊಂದು ದಾರಿ ಹಿಡಿಯಿತು. ಬಿಎಚ್‌ಸಿಯ ಸಕ್ರಿಯ ರೂಪವಾದ ಲಿಂಡೇನ್ ಬೆರೆತ ಮಣ್ಣಿಗೆ ಪಲ್ಲಾಡಿಯಂ–ಕಬ್ಬಿಣದ ಕಣ ಮತ್ತು ಸ್ಫಿಂಗೊಮೋನಾಸ್ ಜಾತಿಯ ಬ್ಯಾಕ್ಟೀರಿಯಾ ಎರಡನ್ನೂ ಸೇರಿಸಿತು. ಲೋಹ ಕ್ಲೋರಿನ್ ಕಿತ್ತುಕೊಟ್ಟರೆ ಉಳಿದ ಇಂಗಾಲದ ಅಸ್ಥಿಪಂಜರವನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತದೆ. ಬಿಎಚ್‌ಸಿ ತಿನ್ನುವ ಸೂಕ್ಷ್ಮಜೀವಿಗಳ ವಿಷಯದಲ್ಲಿ ಮೈಸೂರಿಗೂ ಒಂದು ಸ್ಥಾನವಿದೆ. ಇಲ್ಲಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎಚ್.ಕೆ. ಮನೋನ್ಮಣಿ, ಎ.ಎ.ಎಂ. ಕುಂಞಿ ಮೊದಲಾದವರು ಮಣ್ಣಿನ ಸೂಕ್ಷ್ಮಜೀವಿಗಳ ಗುಂಪೊಂದನ್ನು ಬಿಎಚ್‌ಸಿಗೆ ಹಂತ ಹಂತವಾಗಿ ಒಗ್ಗಿಸಿ, ಅದನ್ನೇ ಆಹಾರವಾಗಿಸಿಕೊಳ್ಳುವಂತೆ ಮಾಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಹುಣಸೂರಿನಿಂದ ಒಂದು ಗಂಟೆಯ ಬಸ್ ಪ್ರಯಾಣದಷ್ಟು ದೂರದಲ್ಲಿ ನಡೆದ ಕೆಲಸ ಇದು.

ಹಾಗಾದರೆ ಇದನ್ನೆಲ್ಲ ಹೊಲಕ್ಕೆ ತರಲು ತಡವೇಕೆ? ಮತ್ತೆ ಒಂದು ಲೆಕ್ಕ ಬೇಕಾಗುತ್ತದೆ. ಒಂದು ಎಕರೆಯಲ್ಲಿ ನೇಗಿಲು ತಿರುವುವ ಆಳದಷ್ಟು, ಅಂದರೆ ಸುಮಾರು 15 ಸೆಂಟಿಮೀಟರ್ ಮಣ್ಣಿನ ತೂಕ ಹತ್ತಿರ ಹತ್ತಿರ 900 ಟನ್. ಕಿಲೋ ಮಣ್ಣಿಗೆ ಒಂದು ಗ್ರಾಂ ಮಾತ್ರ ಕಬ್ಬಿಣದ ಕಣ ಸಾಕೆಂದುಕೊಂಡರೂ ಎಕರೆಗೆ 900 ಕಿಲೋ ಬೇಕು. ಮೇಲೆ ಹೇಳಿದ 55 ಗ್ರಾಂ ಲೆಕ್ಕ ಎಲ್ಲಿ ಹೋಯಿತು? ಅದು ಕಣಗಳು ಒಂದಕ್ಕೊಂದು ಅಂಟದೆ, ಒಂದೊಂದೂ ತನ್ನ ವಿಷದ ಅಣುವನ್ನು ಭೇಟಿಯಾದರೆ ಮಾತ್ರ. ಕಬ್ಬಿಣದ ಕಣಗಳು ಅಯಸ್ಕಾಂತದ ಗುಣದಿಂದ ಪರಸ್ಪರ ಅಂಟಿ ಗೊಂಚಲಾಗುತ್ತವೆ. ಮಣ್ಣಿನ ಸಂದಿಗಳಲ್ಲಿ ಕೆಲವೇ ಅಂಗುಲ ಸಾಗಿ ನಿಂತುಬಿಡುತ್ತವೆ. ಒಣಗಿದ ನ್ಯಾನೊ ಕಬ್ಬಿಣ ಗಾಳಿಗೆ ತಾಗಿದರೆ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಗೊಬ್ಬರದ ಚೀಲದಂತೆ ಮನೆಯ ಮೂಲೆಯಲ್ಲಿ ಇಡುವ ವಸ್ತುವಲ್ಲ. ಎಲ್ಲಕ್ಕಿಂತ ದೊಡ್ಡ ಅಡ್ಡಿ ಗಾಳಿ. ಟ್ರೆಂಟನ್‌ನ ಪ್ರಯೋಗ ನಡೆದದ್ದು ಆಮ್ಲಜನಕ ವಿರಳವಾಗಿರುವ ನೆಲದಾಳದ ನೀರಿನಲ್ಲಿ. ಹಗುರ ಮಣ್ಣಿನ ಉತ್ತ ಹೊಲ ಗಾಳಿಯಾಡುವ ಜಾಗ. ಅಲ್ಲಿ ಕಬ್ಬಿಣದ ಎಲೆಕ್ಟ್ರಾನುಗಳನ್ನು ಆಮ್ಲಜನಕ, ಗೊಬ್ಬರದ ನೈಟ್ರೇಟ್‌ಗಳೇ ಮೊದಲು ಕಸಿದುಕೊಳ್ಳುತ್ತವೆ. ತಂಬಾಕಿಗೆ ಬೇಕಾದ, ಚೆನ್ನಾಗಿ ಗಾಳಿಯಾಡುವ ಗುಣವೇ ಕಬ್ಬಿಣದ ಕೆಲಸಕ್ಕೆ ಪ್ರತಿಕೂಲ.

ಕೃಷ್ಣರಾಜನಗರದ ಗದ್ದೆಯಲ್ಲಿ ಸ್ಥಿತಿ ಬೇರೆ. ನಿಂತ ನೀರಿನ ಕೆಳಗೆ ಆಮ್ಲಜನಕ ಬೇಗ ಮುಗಿಯುತ್ತದೆ. 1966ರಲ್ಲೇ ಫಿಲಿಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ರಘು ಮತ್ತು ಮೆಕ್‌ರೇ ಎಂಬ ವಿಜ್ಞಾನಿಗಳು ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಲಿಂಡೇನ್ ಸೂಕ್ಷ್ಮಜೀವಿಗಳಿಂದ ಬೇಗ ಒಡೆಯುವುದನ್ನು ಗುರುತಿಸಿದ್ದರು. ಅಂಥ ಕೆಸರಿನಲ್ಲಿ ಮಣ್ಣಿನ ಕೆಂಪು ಕಬ್ಬಿಣವೂ ಬ್ಯಾಕ್ಟೀರಿಯಾಗಳ ನೆರವಿನಿಂದ ಎಲೆಕ್ಟ್ರಾನುಗಳನ್ನು ಮರಳಿ ಪಡೆದು ಬೂದು ಬಣ್ಣಕ್ಕೆ ತಿರುಗುತ್ತದೆ. ಗದ್ದೆ ಕೆಸರು ಮಾಡಿದ ಕೆಲವು ವಾರಗಳ ನಂತರ ಒಂದು ಹಿಡಿ ಮಣ್ಣು ಎತ್ತಿ ನೋಡಿದವರಿಗೆ ಈ ಬಣ್ಣದ ಗುರುತಿರುತ್ತದೆ. ಹೀಗೆ ಒಂದೇ ತಾಲ್ಲೂಕಿನ ನಾಲೆಯ ಕೆಳಗಿನ ಭೂಮಿಗೂ ಮೇಲಿನ ಹೊಗೆಸೊಪ್ಪಿನ ಹೊಲಕ್ಕೂ ಬೇರೆ ಬೇರೆ ಮದ್ದು ಬೇಕಾಗುತ್ತದೆ.

ಮದ್ದು ಯಾವ ವಿಷಕ್ಕೆ ಎಂಬುದೂ ಮುಖ್ಯ. ತಂಬಾಕಿನ ಸಸಿಮಡಿಗೆ ಬಳಸಿದ ಕಾರ್ಬೊಫ್ಯೂರಾನ್ ಅಣುವಿನಲ್ಲಿ ಒಂದೂ ಕ್ಲೋರಿನ್ ಇಲ್ಲ. ಕ್ಲೋರಿನ್ ಕೀಳುವ ವಿದ್ಯೆಗೆ ಅಲ್ಲಿ ಕೆಲಸವಿಲ್ಲ. ಡಿಡಿಟಿಯಲ್ಲಿ ಇನ್ನೊಂದು ತೊಡಕು. ಅದರ ಮೊದಲ ಕ್ಲೋರಿನ್ ಕಳಚಿದಾಗ ಆಗುವುದು ಡಿಡಿಡಿ ಎಂಬ ವಸ್ತು. ಇದನ್ನೂ ಒಂದು ಕಾಲದಲ್ಲಿ ಕೀಟನಾಶಕವಾಗಿಯೇ ಮಾರುತ್ತಿದ್ದರು! ಕೆಲಸ ಅರ್ಧಕ್ಕೆ ನಿಂತರೆ ಒಂದು ವಿಷ ಹೋಗಿ ಇನ್ನೊಂದು ಕೂತಂತೆ. ಬರಿಗಣ್ಣಿಗೆ ಕಾಣದ ಲೋಹದ ಕಣ ಮಣ್ಣಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ತೊಂದರೆ ಕೊಡಬಲ್ಲದೆಂಬುದು ಪ್ರಯೋಗಗಳಲ್ಲಿ ಕಂಡಿದೆ. ಬೆಳ್ಳಿಯ ಕಣವಂತೂ ಬ್ಯಾಕ್ಟೀರಿಯಾ ಕೊಲ್ಲುವುದಕ್ಕೇ ಹೆಸರಾದದ್ದು. ಅದನ್ನು ಹೊಲಕ್ಕೆ ಸುರಿಯುವ ಮಾತೇ ಬೇಡ. ನನ್ನ ಅಭಿಪ್ರಾಯದಲ್ಲಿ ಲೋಹದ ಕಣಗಳ ನಿಜವಾದ ಜಾಗ ಸಣ್ಣ, ಆದರೆ ಗಾಢವಾಗಿ ಕೆಟ್ಟ ತಾಣಗಳು: ಹಳೆಯ ಗೋದಾಮಿನ ನೆಲ, ಔಷಧಿ ಬೆರೆಸುತ್ತಿದ್ದ, ಡಬ್ಬ ತೊಳೆಯುತ್ತಿದ್ದ ಬಾವಿಕಟ್ಟೆಯ ಸುತ್ತಲ ಮಣ್ಣು, ಅವಧಿ ಮೀರಿದ ಕೀಟನಾಶಕ ಹೂತಿಟ್ಟ ಗುಂಡಿ. ಅಲ್ಲಿಯ ಮಣ್ಣನ್ನು ಅಗೆದು ಒಂದೆಡೆ ತುಂಬಬಹುದು, ಗಾಳಿ ತಡೆಯಬಹುದು, ಮೊದಲು ಲೋಹ ಆಮೇಲೆ ಬ್ಯಾಕ್ಟೀರಿಯಾ ಎಂದು ಕ್ರಮವಾಗಿ ನಡೆಸಿ, ಕೊನೆಗೆ ಅಳೆದು ನೋಡಬಹುದು. ಸಾವಿರಾರು ಎಕರೆ ಹೊಲಕ್ಕೆ ಇಂಥ ಉಪಚಾರ ಆಗದ ಮಾತು. ಹೊಲದಲ್ಲಿ ಹೊಸ ವಿಷ ಬೀಳದಂತೆ ನೋಡಿಕೊಳ್ಳುವ ಸಾಧಾರಣ ಉಪಾಯಗಳೇ ಹೆಚ್ಚು ಫಲ ಕೊಟ್ಟಿವೆ. ಸಸಿಗಳನ್ನು ನೆಲದ ಮಡಿಯ ಬದಲು ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ಬೆಳೆಸಿದರೆ ಬೇರುಗಂಟಿನ ಜಂತುವಿನ ಕಾಟ ಮೊದಲಲ್ಲೇ ತಪ್ಪುತ್ತದೆ. ಬೇಸಿಗೆಯಲ್ಲಿ ಮಡಿಗೆ ಪಾರದರ್ಶಕ ಪಾಲಿಥೀನ್ ಹೊದಿಸಿ ಬಿಸಿಲಿನಿಂದಲೇ ಮಣ್ಣು ಬೇಯಿಸಬಹುದು. ಹಳೆಯ ಕಾಲದ ಬೆಂಕಿಯ ಕೆಲಸವನ್ನು ಸೌದೆಯಿಲ್ಲದೆ ಮಾಡಿದಂತೆ. ಹೊಲದ ಅಂಚಿಗೆ ಹರಳು ಗಿಡ ನೆಟ್ಟರೆ ಎಲೆ ತಿನ್ನುವ ಹುಳುವಿನ ಚಿಟ್ಟೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ಆ ಎಲೆಗಳನ್ನು ಕಿತ್ತು ನಾಶಮಾಡಿದರೆ ಆಯಿತು.

ಇಷ್ಟೆಲ್ಲ ಹೇಳುವಾಗ ಮೂಲಭೂತವಾದ ಒಂದು ಪ್ರಶ್ನೆ ಉಳಿದುಬಿಡುತ್ತದೆ. ನಿಮ್ಮ ಊರಿನ ಹೊಲದಲ್ಲಿ ಯಾವ ಶೇಷ, ಎಷ್ಟಿದೆ? ಹರಾಜಾಗಿ ಹೊರದೇಶಕ್ಕೆ ಹೋಗುವ ತಂಬಾಕಿನ ಎಲೆಗೆ ಪರೀಕ್ಷೆ ಇದೆ. ಯಾವ ಕೀಟನಾಶಕದ ಶೇಷ ಎಷ್ಟು ಮೀರಬಾರದೆಂದು ತಂಬಾಕು ಉದ್ಯಮದ ಅಂತಾರಾಷ್ಟ್ರೀಯ ಸಂಸ್ಥೆಯೊಂದು 2003ರಿಂದ ಪಟ್ಟಿ ಹೊರಡಿಸುತ್ತ ಬಂದಿದೆ. ಕೊಳ್ಳುವವರು ಅದನ್ನು ನೋಡುತ್ತಾರೆ. ಸೇದಿದವರ ಶ್ವಾಸಕೋಶವನ್ನು ಹೇಗೂ ಹಾಳುಮಾಡುವ ಎಲೆಗೆ ಇಷ್ಟು ಕಾಳಜಿ ಸಿಕ್ಕಿರುವುದು ವಿಚಿತ್ರವೇ ಸರಿ. ಮಣ್ಣಿಗೆ ಇರುವುದು 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಣ್ಣು ಆರೋಗ್ಯ ಕಾರ್ಡ್. ಅದರಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಡಿಡಿಟಿಗಾಗಲಿ ಕ್ಲೋರ್‌ಪೈರಿಫಾಸ್‌ಗಾಗಲಿ ಅಲ್ಲಿ ಒಂದು ಸಾಲೂ ಇಲ್ಲ. ರಂಜಕ, ಪೊಟ್ಯಾಶ್ ಅಳೆಯುವ ತಾಲ್ಲೂಕು ಮಟ್ಟದ ಪ್ರಯೋಗಾಲಯದಲ್ಲಿ ಕೀಟನಾಶಕ ಅಳೆಯಲಾಗುವುದಿಲ್ಲ ಎಂಬುದು ಇದಕ್ಕೆ ಕಾರಣಗಳಲ್ಲೊಂದು. ಅದಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ದುಬಾರಿ ಯಂತ್ರ, ಅದನ್ನು ನಡೆಸಬಲ್ಲ ರಸಾಯನಶಾಸ್ತ್ರದ ಪದವೀಧರರು ಬೇಕು. ಮಣ್ಣಿನ ಮಾದರಿ ತೆಗೆಯುವ ಕ್ರಮ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ: ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಹತ್ತು ಹದಿನೈದು ಕಡೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಗುಂಡಿ ತೋಡಿ, ಅಂಚಿನಿಂದ ಕೆರೆದ ಮಣ್ಣನ್ನು ಚೆನ್ನಾಗಿ ಬೆರೆಸಿ, ಅರ್ಧ ಕಿಲೋ ಉಳಿಸಿಕೊಳ್ಳಬೇಕು. ಕೀಟನಾಶಕದ ಪರೀಕ್ಷೆಗಾದರೆ ಪ್ಲಾಸ್ಟಿಕ್ ಚೀಲ ಬಿಟ್ಟು ಗಾಜಿನ ಸೀಸೆಯಲ್ಲಿ ತುಂಬಿ, ತಂಪಿನಲ್ಲಿಟ್ಟು ಕಳಿಸಬೇಕು.